ಅಪಾಯ ಹೊರುವವರು ಠೇವಣಿ ಕಟ್ಟಿದವರಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪ್ರವಾಸ ಪುರವಣಿಯಲ್ಲಿ ಬಾಡಿಗೆ ಹಾಯಿದೋಣಿಗಳ ಬಗ್ಗೆ ಬಂದ ಲೇಖನವನ್ನು ಗಮನವಿಟ್ಟು ಓದಿದೆ. ಕಡಲಯಾನಕ್ಕೆ ಇಷ್ಟು ಜಾಗ ಕೊಡುವ ಕನ್ನಡ ಪತ್ರಿಕೆಗಳು ಕಡಿಮೆ. ಅದಕ್ಕಾಗಿ ಮೊದಲು ವಂದನೆ. ಆದರೆ ಅದರಲ್ಲಿದ್ದ ಎರಡು ಮಾತು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಐದು ದಿನದ ಕೋರ್ಸ್ ಮುಗಿಸಿ ಪ್ರಮಾಣಪತ್ರ ಪಡೆದರೆ ಯಾವ ಕಡಲಿನಲ್ಲಾದರೂ ಯಾಟ್ (ವಿಹಾರದ ಹಾಯಿದೋಣಿ) ಬಾಡಿಗೆಗೆ ಪಡೆದು ನೀವೇ ಕ್ಯಾಪ್ಟನ್ ಆಗಬಹುದು ಎಂಬುದು ಮೊದಲನೆಯದು. ಏನೇ ಆದರೂ ಕಟ್ಟಿದ ಠೇವಣಿಗಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ, ಹಾಗಾಗಿ ಭಯ ಬೇಡ ಎಂಬುದು ಎರಡನೆಯದು. ಈ ಮಾತು ನಂಬಿ ಯಾರಾದರೂ ಕುಟುಂಬ ಕಟ್ಟಿಕೊಂಡು ಹೊರಡುವ ಮೊದಲು ನಾನು ಕಂಡದ್ದನ್ನು ಹೇಳಬೇಕು ಅನ್ನಿಸಿತು.

ನಾನು ಹಲವು ಹಂಗಾಮು, ದೋಣಿ ಬಾಡಿಗೆಗೆ ಕೊಡುವ ಚಾರ್ಟರ್ ಕಂಪನಿಯೊಂದರ ಧಕ್ಕೆಯಲ್ಲಿ ಕೆಲಸ ಮಾಡಿದ್ದೇನೆ. ಹಿಂದಿರುಗಿದ ದೋಣಿಗಳನ್ನು ತೊಳೆಯುವುದು, ಎಂಜಿನ್ನಿನ ಎಣ್ಣೆ ನೋಡುವುದು, ಹರಿದ ಹಾಯಿ ಬಿಚ್ಚಿ ಹೊಲಿಗೆಗೆ ಕಳಿಸುವುದು, ಮುಂದಿನ ಬಾಡಿಗೆದಾರರಿಗೆ ಎಲ್ಲವನ್ನೂ ತೋರಿಸಿ ಒಪ್ಪಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಆಮೇಲೆ ದಿನದ ಲೆಕ್ಕದ ಸ್ಕಿಪ್ಪರ್, ಅಂದರೆ ದೋಣಿಯ ನಾಯಕನಾಗಿ ಬಾಡಿಗೆದಾರರ ಜೊತೆ ಕಡಲಿಗೂ ಹೋದೆ. ಕೀಲಿ ಕೊಡುವ ಕೈಯೂ ಚುಕ್ಕಾಣಿ ಹಿಡಿಯುವ ಕೈಯೂ ಹೇಗಿರುತ್ತವೆ ಎಂದು ಹತ್ತಿರದಿಂದ ನೋಡಿದ್ದೇನೆ. ಅಪಾಯ ಯಾರದು ಎಂದು ಕಾಗದ ಹೇಳುವುದೇ ಒಂದು, ನೀರಿನ ಮೇಲೆ ಆಗುವುದೇ ಇನ್ನೊಂದು.

ಕಾಗದ ಏನು ಹೇಳುತ್ತದೆ ಎಂಬುದನ್ನೇ ಮೊದಲು ನೋಡೋಣ. ಸಿಬ್ಬಂದಿಯಿಲ್ಲದೆ ದೋಣಿಯನ್ನಷ್ಟೇ ಬಾಡಿಗೆಗೆ ಕೊಡುವುದಕ್ಕೆ ಬೇರ್‌ಬೋಟ್ ಚಾರ್ಟರ್ ಎನ್ನುತ್ತಾರೆ. ಕರಾರಿಗೆ ಸಹಿ ಬಿದ್ದು ಕೀಲಿ ಕೈಗೆ ಬಂದ ಕ್ಷಣದಿಂದ ದೋಣಿಯ ಹಿಡಿತ, ನಿರ್ಧಾರ, ಹೊಣೆ ಎಲ್ಲವೂ ಬಾಡಿಗೆದಾರರದು. ಕಾನೂನಿನ ಕಣ್ಣಿಗೆ ಅವರೇ ಆ ನೌಕೆಯ ಮುಖ್ಯಸ್ಥರು. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು ತೈಲ ಹಡಗಿನ ಕ್ಯಾಪ್ಟನ್‌ಗೆ ಹೇಗೋ ರಜೆಗೆಂದು ಬಂದ ಗುಮಾಸ್ತರಿಗೂ ಹಾಗೆಯೇ ಅನ್ವಯಿಸುತ್ತವೆ. ಸದಾ ಕಣ್ಣು ಕಿವಿ ತೆರೆದು ಕಾವಲಿರಬೇಕು ಎನ್ನುವ ಐದನೆಯ ನಿಯಮ ‘ನಾನು ಹೊಸಬ’ ಎಂದವರಿಗೆ ವಿನಾಯಿತಿ ಕೊಡುವುದಿಲ್ಲ. ಹೊರಡುವ ಮೊದಲು ಹವಾಮಾನ, ಉಬ್ಬರವಿಳಿತ, ದೋಣಿಯ ಮಿತಿ, ಜೊತೆಗಿರುವವರ ಅನುಭವ ಇವನ್ನೆಲ್ಲ ತೂಗಿ ಪ್ರಯಾಣ ಯೋಜಿಸಬೇಕು ಎಂಬ, ಕಡಲಿನಲ್ಲಿ ಜೀವರಕ್ಷಣೆಗೆಂದಿರುವ ಸೋಲಾಸ್ ಅಂತರರಾಷ್ಟ್ರೀಯ ಒಪ್ಪಂದದ ನಿಯಮ ವಿಹಾರದ ದೋಣಿಗಳಿಗೂ ಇದೆ.

ಹೊಣೆ ಇಷ್ಟು ದೊಡ್ಡದು. ಅರ್ಹತೆಯ ಅಳತೆ ಮಾತ್ರ ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಕ್ರೊಯೇಷಿಯಾದಲ್ಲಿ ದೋಣಿ ನಡೆಸುವ ಪ್ರಮಾಣಪತ್ರದ ಜೊತೆ ವಿಎಚ್‌ಎಫ್ ರೇಡಿಯೊ ಬಳಸುವ ಪ್ರಮಾಣಪತ್ರವೂ ಬೇಕು. ಗ್ರೀಸ್‌ನಲ್ಲಿ ಸ್ಕಿಪ್ಪರ್ ಪ್ರಮಾಣಪತ್ರದ ಮೇಲೆ, ದೋಣಿ ಗೊತ್ತಿರುವ ಎರಡನೆಯ ವ್ಯಕ್ತಿಯೂ ಇರಬೇಕು. ಆದರೆ ಆ ಎರಡನೆಯವರಿಗೆ ‘ನನಗೆ ಅನುಭವವಿದೆ’ ಎಂದು ತಾವೇ ಬರೆದು ಸಹಿ ಹಾಕಿದ ಹೇಳಿಕೆ ಸಾಕಾಗುತ್ತದೆ. ಕೆರಿಬಿಯನ್ನಿನ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಸಾಮಾನ್ಯವಾಗಿ ಕೇಳುವುದು ಹಿಂದೆ ಎಲ್ಲೆಲ್ಲಿ, ಯಾವ ದೋಣಿ ನಡೆಸಿದ್ದೀರಿ ಎಂಬ ಸ್ವವಿವರ. ಯುರೋಪಿನ ಹಲವು ಕಡೆ ಚಲಾವಣೆಯಲ್ಲಿರುವ ಐಸಿಸಿ (ವಿಹಾರದ ದೋಣಿ ನಡೆಸುವವರ ಅಂತರರಾಷ್ಟ್ರೀಯ ಅರ್ಹತಾ ಪತ್ರ) ಎಂಬ ಪ್ರಮಾಣಪತ್ರ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 40ನೇ ನಿರ್ಣಯದಿಂದ ಬಂದದ್ದು.

ತಮ್ಮ ಲೇಖನ ಹೇಳಿದ ಐದು ದಿನದ ಕೋರ್ಸ್ ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ ಡೇ ಸ್ಕಿಪ್ಪರ್ ಇರಬೇಕು. ಒಳ್ಳೆಯ ಕೋರ್ಸ್. ಅದನ್ನು ಕಲಿಸುವವರ ಮೇಲೆ ನನಗೆ ಗೌರವವಿದೆ. ಆದರೆ ಆ ಐದು ದಿನಕ್ಕೆ ಮೊದಲೇ ಕನಿಷ್ಠ ಐದು ದಿನ ದೋಣಿಯಲ್ಲಿ ಕಳೆದಿರಬೇಕು, 100 ನಾಟಿಕಲ್ ಮೈಲಿ ಸಾಗಿರಬೇಕು, ನಾಲ್ಕು ಗಂಟೆ ರಾತ್ರಿಯಲ್ಲಿ ನಡೆಸಿರಬೇಕು ಎಂಬ ನಿರೀಕ್ಷೆಯಿದೆ. ಲೇಖನ ಅದನ್ನು ಬಿಟ್ಟಿದೆ. ಅದಕ್ಕಿಂತ ಮುಖ್ಯವಾದದ್ದು, ಆ ಕೋರ್ಸ್ ಮುಗಿಸಿದವರು ಏನು ಮಾಡಬಲ್ಲರು ಎಂಬುದಕ್ಕೆ ಸಂಸ್ಥೆಯೇ ಹಾಕಿದ ಎಲ್ಲೆ: ಪರಿಚಿತ ನೀರಿನಲ್ಲಿ, ಹಗಲು ಹೊತ್ತಿನಲ್ಲಿ ಸಣ್ಣ ಯಾಟ್ ನಡೆಸುವುದು. ಬಾಡಿಗೆಗೆ ಹೋಗುವವರ ಸ್ಥಿತಿ ಇದಕ್ಕೆ ನೇರ ವಿರುದ್ಧ. ನೀರು ಹೊಸದು, ಗಾಳಿಯ ಸ್ವಭಾವ ಹೊಸದು, ದೋಣಿ ಹೊಸದು, ಕಲಿತ ದೋಣಿಗಿಂತ ಹೆಚ್ಚಾಗಿ ದೊಡ್ಡದು ಬೇರೆ. ಪ್ರಮಾಣಪತ್ರ ಸುಳ್ಳು ಹೇಳುತ್ತಿಲ್ಲ. ಅದು ಹೇಳದೇ ಇರುವುದನ್ನು ನಾವು ಅದರಲ್ಲಿ ಓದಿಕೊಳ್ಳುತ್ತಿದ್ದೇವೆ.

ದೋಣಿ ಒಪ್ಪಿಸುವ ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ಸಾಮಾನ್ಯವಾಗಿ ಶನಿವಾರ. ಬೆಳಿಗ್ಗೆ ಹಳೆಯ ತಂಡ ಇಳಿಯುತ್ತದೆ, ಸಂಜೆಯೊಳಗೆ ಹೊಸ ತಂಡ ಹತ್ತಬೇಕು. ನಡುವಿನ ಕೆಲವೇ ಗಂಟೆಗಳಲ್ಲಿ ಹಾಸಿಗೆ ಬಟ್ಟೆಯಿಂದ ಹಿಡಿದು ತಳದಲ್ಲಿ ನಿಂತ ನೀರು ಹೊರಹಾಕುವ ಬಿಲ್ಜ್ ಪಂಪಿನವರೆಗೆ ಎಲ್ಲ ಸರಿಯಾಗಬೇಕು. ಬಾಡಿಗೆದಾರರು ದೂರದ ಪ್ರಯಾಣ ಮಾಡಿ, ನಿದ್ದೆಗೆಟ್ಟು, ಮಕ್ಕಳನ್ನು ಸಂಭಾಳಿಸುತ್ತ ಬಂದಿರುತ್ತಾರೆ. ಅವರಿಗೆ ಒಂದೆರಡು ಗಂಟೆಯಲ್ಲಿ ಅನಿಲದ ವಾಲ್ವ್, ಲೈಫ್ ಜಾಕೆಟ್, ಲಂಗರಿನ ಸರಪಳಿ, ರೇಡಿಯೊ, ಟಾಯ್ಲೆಟ್ಟಿನ ಪಂಪ್ ಎಲ್ಲ ತೋರಿಸುತ್ತೇವೆ. ಅವರು ತಲೆಯಾಡಿಸುತ್ತಾರೆ. ಪಟ್ಟಿಯಲ್ಲಿ ಗುರುತು ಬೀಳುತ್ತದೆ. ಸಹಿಯಾಗುತ್ತದೆ.

ಈ ಹೊತ್ತಿನಲ್ಲಿ ಧಕ್ಕೆಯ ಕೆಲಸಗಾರರಿಗೆ ಬಹಳ ಗೊತ್ತಾಗಿಬಿಡುತ್ತದೆ. ಪ್ರಮಾಣಪತ್ರ ನೋಡಬೇಕಿಲ್ಲ, ಕೈ ನೋಡಿದರೆ ಸಾಕು. ಹಗ್ಗ ಕೊಟ್ಟಾಗ ಅನುಭವಸ್ಥರು ಮಾತಾಡುತ್ತಲೇ ಅದನ್ನು ಹಗ್ಗ ಕಟ್ಟುವ ಕೊಕ್ಕೆಯಾದ ಕ್ಲೀಟಿಗೆ ಸುತ್ತಿ ಸಿಕ್ಕಿಸುತ್ತಾರೆ. ಹಗ್ಗ ಎಳೆದು ಬಿಗಿಯುವ ರಾಟೆಯಾದ ವಿಂಚಿಗೆ ಅದನ್ನು ಸುತ್ತುವಾಗ ಅವರ ಬೆರಳು ತಾನಾಗಿ ದೂರ ನಿಲ್ಲುತ್ತದೆ. ದೋಣಿ ಹತ್ತಿದ ಕೂಡಲೇ ಅವರ ಕಣ್ಣು ಕೂವೆಮರದ ತುದಿಯ ಗಾಳಿಸೂಚಕದ ಕಡೆ ಹೋಗುತ್ತದೆ. ರಿವರ್ಸ್ ಹಾಕಿದರೆ ಹಿಂಭಾಗ ಯಾವ ಕಡೆ ಎಳೆಯುತ್ತದೆ ಎಂದು ಕೇಳುತ್ತಾರೆ, ಏಕೆಂದರೆ ಪ್ರೊಪೆಲ್ಲರ್ ತಿರುಗುವ ದಿಕ್ಕಿನಿಂದಾಗಿ ದೋಣಿ ನೇರವಾಗಿ ಹಿಂದೆ ಸರಿಯುವುದಿಲ್ಲ ಎಂಬುದು ಅವರಿಗೆ ಗೊತ್ತು. ಹೊಸಬರು ಕೇಳುವುದು ಫೋನ್ ಚಾರ್ಜ್ ಮಾಡುವ ಪ್ಲಗ್ ಎಲ್ಲಿದೆ ಎಂದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನಷ್ಟೇ ಕೇಳಿದವರ ಕೈಗೆ ಕೀಲಿ ಕೊಡುವಾಗ ನನ್ನ ಕೈ ಹಿಂಜರಿಯುತ್ತಿತ್ತು.

ಒಮ್ಮೆ ಹೀಗೇ ಒಬ್ಬರು ಬಂದರು. ಒಳ್ಳೆಯ ಮನುಷ್ಯ, ಮಾತಿನಲ್ಲಿ ವಿನಯ, ಪ್ರಮಾಣಪತ್ರ ಸರಿಯಾಗಿಯೇ ಇತ್ತು. ಆದರೆ ಅದನ್ನು ಪಡೆದು ವರ್ಷಗಳಾಗಿದ್ದವು, ಆಮೇಲೆ ನೀರಿಗೆ ಇಳಿದಿರಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಕೇಳಿದೆ. ಸುತ್ತ ನೋಡಿ ತಪ್ಪು ದಿಕ್ಕು ತೋರಿಸಿದರು. ಮೊದಲ ಎರಡು ದಿನ ಒಬ್ಬ ಸ್ಕಿಪ್ಪರನ್ನು ಜೊತೆಗೆ ಕರೆದುಕೊಳ್ಳಿ ಎಂದೆ. ಅವರು ಒಪ್ಪುವ ಹಾಗೆಯೇ ಇದ್ದರು. ಕಚೇರಿಗೆ ಹೋಗಿ ಹೇಳಿದೆ. ಕರಾರು ಆಗಿದೆ, ಪ್ರಮಾಣಪತ್ರ ಊರ್ಜಿತದಲ್ಲಿದೆ, ಖಾಲಿ ಸ್ಕಿಪ್ಪರ್ ಇಲ್ಲ, ಠೇವಣಿ ಬಂದಿದೆ, ಬಿಡು ಎಂದರು. ಬಿಟ್ಟೆವು.

ಆ ಸಂಜೆ ಅವರು ಪಕ್ಕದ ಬಂದರಿಗೆ ಹೋದರು. ಮೆಡಿಟರೇನಿಯನ್ ಕಡೆಯ ಬಂದರುಗಳಲ್ಲಿ ದೋಣಿ ಕಟ್ಟುವ ಪದ್ಧತಿಯೇ ಬೇರೆ: ಮುಂದೆ ಲಂಗರು ಬಿಟ್ಟು, ಹಿಮ್ಮುಖವಾಗಿ ಸರಿದು ಹಿಂಭಾಗವನ್ನು ಧಕ್ಕೆಗೆ ಕಟ್ಟಬೇಕು, ಎಡಬಲ ಕೈಯಳತೆಯಲ್ಲಿ ಬೇರೆ ದೋಣಿಗಳು. ಅಡ್ಡಗಾಳಿ ಬಂದರೆ ಪಳಗಿದವರಿಗೂ ಬೆವರಿಳಿಯುತ್ತದೆ. ಇವರ ದೋಣಿಯ ಮುಂಭಾಗವನ್ನು ಗಾಳಿ ಪಕ್ಕದ ದೋಣಿಯ ಮೇಲೆ ತಳ್ಳಿತು. ಯಾರೋ ‘ತಳ್ಳಿ, ತಳ್ಳಿ’ ಎಂದು ಕೂಗಿದರು. ಬಾಡಿಗೆದಾರರ ಭಾವಮೈದುನ, ಜೀವನದಲ್ಲಿ ಮೊದಲ ಸಲ ಹಾಯಿದೋಣಿ ಹತ್ತಿದವರು, ಕೈ ಚಾಚಿ ತಳ್ಳಲು ಹೋದರು. 45 ಅಡಿಯ ದೋಣಿಯೆಂದರೆ ಸುಮಾರು 10 ಟನ್ ತೂಕ. ನಡಿಗೆಯ ವೇಗಕ್ಕಿಂತ ನಿಧಾನವಾಗಿ ಬಂದರೂ ಅದನ್ನು ಮನುಷ್ಯನ ತೋಳು ನಿಲ್ಲಿಸಲಾರದು. ಎರಡು ಒಡಲುಗಳ ನಡುವೆ ಅವರ ಬೆರಳು ಸಿಕ್ಕಿ ಜಜ್ಜಿಹೋಯಿತು.

ವಾರ ಮುಗಿದು ದೋಣಿ ಹಿಂದಿರುಗಿದಾಗ ಪರಿಶೀಲನೆಯ ಪಟ್ಟಿ ಹಿಡಿದು ಹತ್ತಿದವರು ನಾವೇ. ದೋಣಿಯ ಪಕ್ಕಕ್ಕೆ ತೂಗುವ ಮೆತ್ತೆ ಫೆಂಡರ್ ಎಷ್ಟು, ಬಕೆಟ್ ಇದೆಯೇ, ಲೋಟ ಒಡೆದಿದೆಯೇ, ಪಕ್ಕದಲ್ಲಿ ಎಷ್ಟು ಉದ್ದದ ಗೀರು, ಎಲ್ಲಕ್ಕೂ ಅಂಕಣವಿತ್ತು. ಗೀರಿನ ಮೊತ್ತವನ್ನು ಠೇವಣಿಯಿಂದ ಕಳೆದರು. ಬ್ಯಾಂಡೇಜು ಸುತ್ತಿದ ಕೈ ಹಿಡಿದು ಧಕ್ಕೆಯ ಮೇಲೆ ಕೂತಿದ್ದ ಆ ಮನುಷ್ಯನ ವಿಷಯ ಬರೆಯಲು ಅಂಕಣವಿರಲಿಲ್ಲ. ಅವರು ಕರಾರಿಗೆ ಸಹಿ ಹಾಕಿದವರಲ್ಲ. ಗಾಳಿ ಎಷ್ಟಿರುತ್ತದೆ, ನಡೆಸುವವರಿಗೆ ಎಷ್ಟು ಬರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ತಿಳಿಯುವ ಅವಕಾಶ ಎಲ್ಲರಿಗಿಂತ ಕಡಿಮೆ ಇದ್ದದ್ದು ಅವರಿಗೆ, ಪೆಟ್ಟು ತಿಂದದ್ದೂ ಅವರೇ. ಎಲ್ಲರಿಗಿಂತ ಹೆಚ್ಚು ತಿಳಿದಿದ್ದ ಕಚೇರಿ ತನ್ನ ಬಾಡಿಗೆಯನ್ನೂ ಗೀರಿನ ಖರ್ಚನ್ನೂ ಪೂರ್ತಿ ಪಡೆಯಿತು. ನನ್ನ ದೂರೆಲ್ಲ ಇದೇ.

ಇನ್ನು ಠೇವಣಿಯ ಮಾತು. ಠೇವಣಿ ಎಂಬುದು ಬಹುತೇಕ ಆ ದೋಣಿಯ ವಿಮೆಯಲ್ಲಿ ವಿಮಾ ಕಂಪನಿ ಕೊಡದೆ ಉಳಿಸಿಕೊಳ್ಳುವ ಮೊದಲ ಭಾಗಕ್ಕೆ ಸಮನಾಗಿ ಇಟ್ಟ ಹಣ. ಅದನ್ನು ಕಡಿಮೆ ಮಾಡಲು ‘ಡ್ಯಾಮೇಜ್ ವೇವರ್’ ಎಂದು ಇನ್ನಷ್ಟು ಕಟ್ಟಿಸಿಕೊಳ್ಳುತ್ತಾರೆ; ಅದು ಮರಳಿ ಬರುವುದಿಲ್ಲ. ಇವೆರಡೂ ದೋಣಿಗೆ ಆಗುವ ಹಾನಿಯ ಮಾತು, ಜನರಿಗೆ ಆಗುವ ಹಾನಿಯದ್ದಲ್ಲ. ದೋಣಿಯ ವಿಷಯದಲ್ಲೂ ಕಳೆದುಹೋದ ಡಿಂಗಿ ಎಂಬ ಪುಟ್ಟ ದೋಣಿ, ನೀರಿಗೆ ಬಿದ್ದ ಔಟ್‌ಬೋರ್ಡ್ ಎಂಜಿನ್, ಹರಿದ ಹಾಯಿ ಇಂಥವನ್ನು ಎಷ್ಟೋ ವೇವರ್‌ಗಳು ಹೊರಗಿಟ್ಟಿರುತ್ತವೆ. ತೀರಾ ನಿರ್ಲಕ್ಷ್ಯದಿಂದ ಆದದ್ದು ಎಂದು ತೀರ್ಮಾನವಾದರೆ ವಿಮಾ ಕಂಪನಿ ಹಣ ಕೊಟ್ಟು ಬಾಡಿಗೆದಾರರ ಬೆನ್ನು ಹತ್ತಬಹುದು. ಆಗ ಠೇವಣಿಯ ಮಿತಿ ಎಂಬುದೇ ಉಳಿಯುವುದಿಲ್ಲ. ಇದಕ್ಕೆಂದೇ ಸ್ಕಿಪ್ಪರ್ ಹೊಣೆಗಾರಿಕೆ ವಿಮೆ ಎಂಬ ಬೇರೆಯೇ ವಿಮೆ ಸಿಗುತ್ತದೆ. ಅದನ್ನು ಬಾಡಿಗೆದಾರರು ತಾವಾಗಿ ಹುಡುಕಿ ಮಾಡಿಸಬೇಕು. ನನ್ನ ಧಕ್ಕೆಯಲ್ಲಿ ಅದರ ಹೆಸರು ಕೇಳಿದ್ದವರೇ ಅಪರೂಪ.

ಠೇವಣಿ ಇನ್ನೊಂದು ಕೆಡುಕು ಮಾಡುತ್ತದೆ. ಅದರ ಬಗ್ಗೆ ಯಾರೂ ಬರೆಯುವುದನ್ನು ನಾನು ಕಂಡಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಾಯಿದೋಣಿಯ ತಳದಲ್ಲಿ ಕೀಲ್ ಎಂಬ ಭಾರವಾದ ರೆಕ್ಕೆಯಂಥ ಭಾಗವಿರುತ್ತದೆ. ಗಾಳಿಗೆ ವಾಲಿದ ದೋಣಿಯನ್ನು ಮತ್ತೆ ಎತ್ತಿ ನಿಲ್ಲಿಸುವುದು ಅದೇ. ಈಗಿನ ಹೆಚ್ಚಿನ ದೋಣಿಗಳಲ್ಲಿ ಅದನ್ನು ಒಡಲಿಗೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಹೊಸಬರು ಆಳ ನೋಡದೆ ಹೋಗಿ ಬಂಡೆಗೆ ತಾಗಿಸುತ್ತಾರೆ. ಒಂದು ಪೆಟ್ಟು, ಎಲ್ಲರೂ ಮುಗ್ಗರಿಸುತ್ತಾರೆ, ದೋಣಿ ಹಿಂದೆ ಬರುತ್ತದೆ, ಒಳಗೆ ನೀರು ಬಂದಂತೆ ಕಾಣುವುದಿಲ್ಲ. ಹೇಳಿದರೆ ದೋಣಿಯನ್ನು ಕ್ರೇನಿನಿಂದ ಮೇಲೆತ್ತಿ ನೋಡುತ್ತಾರೆ, ಆ ಖರ್ಚಿಗೆ ಠೇವಣಿ ಹೋಗುತ್ತದೆ. ಹೇಳದಿದ್ದರೆ? ನೀರಿನ ಅಡಿಯದ್ದು ಯಾರಿಗೂ ಕಾಣದು. ಮುಳುಗುಗಾರರನ್ನು ಇಳಿಸಿ ನೋಡುವ ಕಂಪನಿಗಳೂ ಇವೆ, ನೋಡದವೂ ಇವೆ. ಪ್ರಾಮಾಣಿಕರಾದ ಜನ ಕೂಡ ಆ ಹಣದ ಮುಂದೆ ಮೌನವಾಗುವುದನ್ನು ನಾನು ಕಂಡಿದ್ದೇನೆ. ಮುಂದಿನ ಶನಿವಾರ ಅದೇ ದೋಣಿಯಲ್ಲಿ ಬೇರೊಂದು ಕುಟುಂಬ ಹೊರಡುತ್ತದೆ.

2014ರ ಮೇ ತಿಂಗಳಲ್ಲಿ ‘ಚೀಕಿ ರಫೀಕಿ’ ಎಂಬ 40 ಅಡಿಯ ಯಾಟ್ ಕೆರಿಬಿಯನ್ನಿನ ಆಂಟಿಗುವಾದಿಂದ ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಮರಳುವಾಗ ಅಟ್ಲಾಂಟಿಕ್‌ನಲ್ಲಿ ಕೀಲ್ ಕಳಚಿ ಮಗುಚಿತು. ನಾಲ್ವರೂ ತೀರಿಕೊಂಡರು. ದೋಣಿಯ ಹಿಂದಿನ ನೆಲತಾಗುಗಳು ಮತ್ತು ಆಮೇಲಿನ ದುರಸ್ತಿಗಳು ಸೇರಿ ಕೀಲ್ ಕೂರುವ ಭಾಗವನ್ನು ದುರ್ಬಲಗೊಳಿಸಿರಬಹುದು ಎಂದು ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಶಾಖೆ 2015ರ ವರದಿಯಲ್ಲಿ ಹೇಳಿತು. ಹಗುರವೆಂದು ಬಿಟ್ಟ ತಾಗು ಕೂಡ ಗಂಭೀರವಾಗಿರಬಲ್ಲದು ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಆ ದೋಣಿಯಲ್ಲಿ ಹೋದವರು ಅನುಭವವಿಲ್ಲದ ಬಾಡಿಗೆದಾರರಲ್ಲ, ಆ ತಾಗುಗಳನ್ನು ಯಾರೋ ಮುಚ್ಚಿಟ್ಟರು ಎಂದೂ ನಾನು ಹೇಳುತ್ತಿಲ್ಲ. ಒಬ್ಬರ ಕಾಲದ ಪೆಟ್ಟು ಇನ್ನೊಬ್ಬರ ಕಾಲದಲ್ಲಿ ಜೀವ ತೆಗೆಯಬಹುದು ಎಂಬುದಕ್ಕಷ್ಟೇ ಅದನ್ನು ನೆನೆದೆ. ಇಂಥ ವಿಷಯದಲ್ಲಿ ಸತ್ಯ ಹೇಳಿದವರಿಗೇ ದಂಡ ಹಾಕುವ ಪದ್ಧತಿಯನ್ನು ನಾವು ಇಟ್ಟುಕೊಂಡಿರುವುದು ಸರಿಯಲ್ಲ.

ದೋಣಿಯ ಹೊರಗಿನವರ ಪಾಡೂ ಇದೆ. ಗ್ರೀಸ್ ಪಕ್ಕದ ಏಜಿಯನ್ ಕಡಲಿನಲ್ಲಿ ಬೇಸಿಗೆಯ ಉತ್ತರದ ಗಾಳಿ ಮೆಲ್ಟೆಮಿ ಮೋಡವೇ ಇಲ್ಲದ ನೀಲಿ ಆಕಾಶದ ಕೆಳಗೆ ಬೀಸುತ್ತದೆ. ಆಕಾಶ ನೋಡಿ ಹವಾಮಾನ ಅಳೆಯುವ ಹೊಸಬರು ಅದಕ್ಕೆ ಮೋಸ ಹೋಗುತ್ತಾರೆ. ಗಾಳಿಯ ಬಲ ಅಳೆಯುವ ಬೋಫರ್ಟ್ ಮಾಪನದಲ್ಲಿ ಏಳು, ಎಂಟಕ್ಕೂ ಅದು ಏರಬಲ್ಲದು, ಅಂದರೆ 28ರಿಂದ 40 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ). ಗಾಳಿಯ ವೇಗ 15 ನಾಟಿನಿಂದ 30 ನಾಟಿಗೆ ಹೋದರೆ ಅದರ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಸರಪಳಿ ಸಾಲದಷ್ಟು ಬಿಟ್ಟು ಮಲಗಿದವರ ಲಂಗರು ಇಂಥ ರಾತ್ರಿಯಲ್ಲಿ ಜಾರುತ್ತದೆ. ಹೀಗೆ ಕಿತ್ತುಬಂದ ಒಂದು ದೋಣಿ ಸಾಲಾಗಿ ಲಂಗರು ಹಾಕಿದ್ದ ದೋಣಿಗಳ ಮೇಲೆ ಬೀಳುವುದನ್ನು ನಾನು ಕತ್ತಲಲ್ಲಿ ನಿಂತು ನೋಡಿದ್ದೇನೆ. ಒಬ್ಬರ ಸರಪಳಿಗೆ ಇನ್ನೊಬ್ಬರ ಸರಪಳಿ ಸಿಕ್ಕಿ, ಎಚ್ಚರಿಕೆಯಿಂದಲೇ ಲಂಗರು ಹಾಕಿದ್ದ ಒಂದು ವೃದ್ಧ ದಂಪತಿ ತಮ್ಮ ದೋಣಿ ಉಳಿಸಿಕೊಳ್ಳಲು ಬೆಳಗಿನವರೆಗೆ ಎಂಜಿನ್ ಓಡಿಸುತ್ತ ಕೂತರು. ಅದು ಅವರ ಮನೆಯೇ ಆಗಿತ್ತು. ಬಾಡಿಗೆ ದೋಣಿಯ ಮೂರನೆಯವರ ವಿಮೆ ಅವರ ಮುರಿದ ಕಂಬಿಗೆ ದುಡ್ಡು ಕೊಡಬಹುದು, ತಿಂಗಳುಗಳ ಪತ್ರವ್ಯವಹಾರದ ನಂತರ.

ನೆರವಿಗೆ ಬರುವವರು ಇನ್ನೊಂದು ಗುಂಪು. ಕಡಲಿನಲ್ಲಿ ಅಪಾಯಕ್ಕೆ ಸಿಕ್ಕವರಿಗೆ ನೆರವಾಗುವುದು ಪ್ರತಿ ಹಡಗಿನ ಮುಖ್ಯಸ್ಥರ ಕರ್ತವ್ಯ; 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 98ನೇ ವಿಧಿ ಅದನ್ನು ಬರೆದಿಟ್ಟಿದೆ. ಬ್ರಿಟನ್ನಿನಲ್ಲಿ 1824ರಲ್ಲಿ ಶುರುವಾದ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಇಂದಿಗೂ ದಾನದ ಹಣದಿಂದ ನಡೆಯುತ್ತದೆ. ಅದರ ರಕ್ಷಣಾ ದೋಣಿಗಳಲ್ಲಿ ಹೋಗುವ ಹೆಚ್ಚಿನವರು ಸ್ವಯಂಸೇವಕರು. ಜೀವ ಉಳಿಸಿದ್ದಕ್ಕೆ ಯಾರೂ ಹಣ ಕೇಳುವುದಿಲ್ಲ, ಕೇಳಲೂಬಾರದು. ಆದರೆ ತಪ್ಪಿಸಬಹುದಾಗಿದ್ದ ಕರೆಗೆ ರಾತ್ರಿ ಎದ್ದು ಅಲೆಗೆ ಎದೆಕೊಡುವ ಆ ಜನರ ಅಪಾಯವನ್ನು ಯಾವ ಕರಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೋಣಿ ಉಳಿಸುವುದು ಮಾತ್ರ ಬೇರೆ ಲೆಕ್ಕ. 1989ರ ಅಂತರರಾಷ್ಟ್ರೀಯ ಸಾಲ್ವೇಜ್ (ಕಡಲಿನಲ್ಲಿ ಆಸ್ತಿ ರಕ್ಷಣೆ) ಒಪ್ಪಂದದ ಪ್ರಕಾರ ಅಪಾಯದಿಂದ ಪಾರುಮಾಡಿದ ದೋಣಿಯ ಮೌಲ್ಯ ನೋಡಿ ಸಂಭಾವನೆ ಕೇಳಬಹುದು. ಎಂಜಿನ್ ಕೆಟ್ಟ ಗಾಬರಿಯಲ್ಲಿ ಎದುರು ಬಂದ ದೋಣಿಯ ಹಗ್ಗ ಹಿಡಿಯುವ ಹೊಸಬರಿಗೆ ಇದು ತಿಳಿದಿರುವುದಿಲ್ಲ. ಜೀವಕ್ಕೆ ಅಪಾಯವಿಲ್ಲದಿದ್ದರೆ ಮೊದಲು ಕಂಪನಿಗೆ ಕರೆ ಮಾಡಿ, ಎಳೆದೊಯ್ಯುವ ದರ ಮಾತಾಡಿಕೊಂಡು ಹಗ್ಗ ಹಿಡಿಯಬೇಕು.

ಹೊಸಬರನ್ನು ದೂರುವುದು ನನ್ನ ಉದ್ದೇಶವಲ್ಲ ಎಂದು ಒತ್ತಿ ಹೇಳಬೇಕು. ಎಲ್ಲರೂ ಒಂದು ದಿನ ಹೊಸಬರೇ. ತಮ್ಮದೇ ದೋಣಿ ಇಲ್ಲದ ಸಾಮಾನ್ಯ ಜನ ಚುಕ್ಕಾಣಿ ಹಿಡಿಯಲು ಬಾಡಿಗೆಯೊಂದೇ ದಾರಿ. ಆ ದಾರಿ ಮುಚ್ಚಬಾರದು. ಎಂಜಿನ್ ನಿಲ್ಲಿಸಿ ಹಾಯಿ ತುಂಬಿಕೊಂಡ ಗಳಿಗೆಯಲ್ಲಿ ಜನರ ಮುಖದಲ್ಲಿ ಮೂಡುವ ಬೆರಗನ್ನು ನೋಡಿಯೇ ನಾನು ಈ ಕೆಲಸದಲ್ಲಿ ಅಷ್ಟು ಕಾಲ ಉಳಿದೆ. ಇನ್ನಷ್ಟು ಪರವಾನಗಿ, ಇನ್ನಷ್ಟು ಮೊಹರು ಎಂದು ಕೂಗುವವರ ಜೊತೆಗೂ ನಾನಿಲ್ಲ. ಬ್ರಿಟನ್ನಿನಲ್ಲಿ ಸ್ವಂತ ವಿಹಾರದೋಣಿ ನಡೆಸಲು ಪರವಾನಗಿಯೇ ಬೇಡ. ಅಲ್ಲಿ ಕಲಿಸುವ, ಕಲಿಯುವ ಸಂಪ್ರದಾಯ ಗಟ್ಟಿಯಾಗಿದೆ.

ನಾನು ಕೇಳುವುದು ಬೇರೆ. ದೋಣಿ ಒಪ್ಪಿಸುವಾಗ ಬಾಡಿಗೆದಾರರ ಕೈಚಳಕವನ್ನು ಕಣ್ಣಾರೆ ನೋಡುವುದು ಕಂಪನಿಯೊಂದೇ. ಹಾಗಾಗಿ ಕಟ್ಟಿದ ದೋಣಿಯಲ್ಲಿ ಬಾಯಿಮಾತಿನ ಪಾಠ ಹೇಳಿ ಸಹಿ ಹಾಕಿಸುವ ಬದಲು ಒಂದು ಗಂಟೆ ನೀರಿಗೆ ಹೋಗಿ ಬರಲಿ. ಬಿಚ್ಚುವುದು, ತಿರುಗಿಸುವುದು, ಲಂಗರು ಹಾಕಿ ಎತ್ತುವುದು, ಹಾಯಿ ಕಿರಿದು ಮಾಡುವುದು, ಹಿಮ್ಮುಖವಾಗಿ ಬಂದು ಕಟ್ಟುವುದು. ಅಷ್ಟರಲ್ಲಿ ಎಲ್ಲ ತಿಳಿಯುತ್ತದೆ. ಸಾಲದು ಎಂದು ಕಂಡರೆ ಮೊದಲ ಒಂದೆರಡು ದಿನ ಸ್ಕಿಪ್ಪರ್ ಜೊತೆಗಿರಲಿ, ಅಥವಾ ಮುಂದೆ ಒಂದು ಮಾರ್ಗದರ್ಶಿ ದೋಣಿ ಇರುವ ಫ್ಲೊಟಿಲ್ಲಾ ಗುಂಪಿನಲ್ಲಿ ಅವರು ಹೋಗಲಿ. ಬೇಡ ಎನ್ನುವ ಅಧಿಕಾರ ಧಕ್ಕೆಯ ಮೇಲೆ ನಿಂತವರಿಗಿರಲಿ, ಬಾಡಿಗೆಯ ಲೆಕ್ಕ ನೋಡುವ ಕಚೇರಿಗಲ್ಲ. ಪ್ರಮಾಣಪತ್ರ ನೋಡಿ ಮುಂಗಡ ಪಡೆದವರು ಕಂಪನಿಯವರೇ ಆದ್ದರಿಂದ ಆ ಒಂದೆರಡು ದಿನದ ಸ್ಕಿಪ್ಪರ್ ಖರ್ಚಿನಲ್ಲಿ ಅವರೂ ಪಾಲು ಹೊರಲಿ. ಆಗ ಮಾತ್ರ ಮುಂಗಡ ಪಡೆಯುವಾಗಲೇ ಸರಿಯಾದ ಪ್ರಶ್ನೆ ಕೇಳುತ್ತಾರೆ. ಶನಿವಾರದ ಗಡಿಬಿಡಿಯಲ್ಲಿ ಇದಕ್ಕೆಲ್ಲ ಸಮಯವಿಲ್ಲ ಎನ್ನುತ್ತಾರೆ. ಎಲ್ಲ ದೋಣಿಗಳನ್ನೂ ಒಂದೇ ದಿನ ಬದಲಿಸುವ ಏರ್ಪಾಡು ಮಾಡಿಕೊಂಡವರು ಅವರೇ. ಬೇರೆ ಬೇರೆ ದಿನಕ್ಕೆ ಹಂಚಬಹುದು.

ನೆಲ ತಾಗಿಸಿದ್ದನ್ನು ಅದೇ ದಿನ ಹೇಳಿದವರ ಠೇವಣಿಯನ್ನು ಮುಟ್ಟಬಾರದು, ಮೇಲೆತ್ತಿ ನೋಡುವ ಖರ್ಚು ವಿಮೆಗೋ ಕಂಪನಿಗೋ ಸೇರಬೇಕು. ದುಬಾರಿ ಎನ್ನಬಹುದು. ನೋಡದೆ ಬಿಟ್ಟ ಕೀಲ್ ಅದಕ್ಕಿಂತ ದುಬಾರಿ.

ಕೊನೆಯದಾಗಿ, ಜೊತೆಗೆ ಹೋಗುವವರ ವಿಷಯ. ಒಬ್ಬ ಹೆಣ್ಣುಮಗಳು ಒಪ್ಪಿಸುವ ಹೊತ್ತಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ‘ಇವರೇ ನೀರಿಗೆ ಬಿದ್ದರೆ ನಾನೇನು ಮಾಡಬೇಕು?’ ಎಂದು ಕೇಳಿದರು. ಅವರ ಗಂಡ ನಕ್ಕು, ಹಾಗೇನೂ ಆಗುವುದಿಲ್ಲ ಎಂದರು. ನಾನು ಆಕೆಯನ್ನು ಕೆಳಗೆ ರೇಡಿಯೊ ಹತ್ತಿರ ಕರೆದುಕೊಂಡು ಹೋದೆ. ಕೆಂಪು ಮುಚ್ಚಳ ತೆರೆದು ಒಳಗಿನ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ದೋಣಿ ಎಲ್ಲಿದೆ ಎಂಬುದು ಸುತ್ತಲಿನ ಹಡಗುಗಳಿಗೂ ಕರಾವಳಿ ಕಾವಲಿನವರಿಗೂ ತಾನಾಗಿ ಹೋಗುತ್ತದೆ, ಆಮೇಲೆ 16ನೇ ಚಾನೆಲ್‌ನಲ್ಲಿ ಮೂರು ಸಲ ‘ಮೇಡೇ’ ಎಂಬ ಅಪಾಯದ ಕರೆ ಕೊಟ್ಟು ದೋಣಿಯ ಹೆಸರು ಹೇಳಬೇಕು ಎಂದು ತೋರಿಸಿದೆ. ಗುಂಡಿ ಒತ್ತದೆ, ಬೆರಳು ಅದರ ಮೇಲಿಟ್ಟು ನೋಡಿಕೊಂಡರು. ಹಾಯಿ ಇಳಿಸುವುದು, ಎಂಜಿನ್ ಹಚ್ಚುವುದು, ಹಚ್ಚುವ ಮೊದಲು ನೀರಿನಲ್ಲಿ ಹಗ್ಗ ತೇಲುತ್ತಿಲ್ಲವೇ ನೋಡುವುದು, ಹತ್ತಿರ ಬಂದಾಗ ಪ್ರೊಪೆಲ್ಲರ್ ತಿರುಗದಂತೆ ಗೇರ್ ನ್ಯೂಟ್ರಲ್‌ಗೆ ತರುವುದು, ಇಷ್ಟನ್ನೂ ತಾವೇ ಮಾಡಿ ಕಲಿತರು. ಅವರ ಪ್ರಶ್ನೆ ಆ ವಾರದ ಎಲ್ಲ ಪ್ರಶ್ನೆಗಳಿಗಿಂತ ಮುಖ್ಯವಾಗಿತ್ತು. ಸ್ಕಿಪ್ಪರ್‌ಗೆ ಏನಾದರೂ ಆದರೆ ದೋಣಿಯಲ್ಲಿ ಉಳಿದವರೆಲ್ಲ ಒಂದೇ ಗಳಿಗೆಯಲ್ಲಿ ಅನಾಥರಾಗುತ್ತಾರೆ. ಎರಡನೆಯ ವ್ಯಕ್ತಿಗೆ ಇಷ್ಟಾದರೂ ಬರುತ್ತದೆಯೇ ಎಂದು ನೋಡದೆ, ಬರಿಯ ಹೇಳಿಕೆಗೆ ಸಹಿ ಪಡೆದು ದೋಣಿ ಬಿಡಬಾರದು. ಹತ್ತುವ ಪ್ರತಿಯೊಬ್ಬರಿಗೂ, ನಡೆಸುವವರು ಕೊನೆಯ ಸಲ ದೋಣಿ ನಡೆಸಿದ್ದು ಯಾವಾಗ, ತಮಗೆ ಪೆಟ್ಟಾದರೆ ಯಾವ ವಿಮೆ ಇದೆ, ಯಾವುದು ಇಲ್ಲ ಎಂಬುದನ್ನು ಅವರ ಭಾಷೆಯಲ್ಲಿ ಒಂದು ಪುಟದಲ್ಲಿ ಬರೆದು ಕೊಡಬೇಕು.

ಪುರವಣಿಯಲ್ಲಿ ಈ ವಿಷಯ ಮತ್ತೆ ಬರುವುದಾದರೆ, ದೋಣಿಯ ಚಿತ್ರಗಳ ಜೊತೆ ಕರಾರಿನ ಈ ಭಾಗಗಳನ್ನೂ ಓದುಗರ ಮುಂದಿಡಿ ಎಂದು ಕೇಳಿಕೊಳ್ಳುತ್ತೇನೆ. ನನ್ನ ಪತ್ರ ಉದ್ದವಾಗಿದೆ ಎಂದು ಗೊತ್ತಿದೆ. ಜಾಗ ಸಾಲದಿದ್ದರೆ ನನ್ನ ಧಕ್ಕೆಯ ಅನುಭವಗಳನ್ನು ಕತ್ತರಿಸಿ. ಠೇವಣಿಯ ಬಗ್ಗೆ ಬರೆದದ್ದನ್ನೂ ರೇಡಿಯೊದ ಕೆಂಪು ಗುಂಡಿಯ ಬಗ್ಗೆ ಬರೆದದ್ದನ್ನೂ ದಯವಿಟ್ಟು ಉಳಿಸಿಕೊಳ್ಳಿ.

ಇತಿ ತಮ್ಮ ವಿಶ್ವಾಸಿ,
ಚಾರ್ಟರ್ ದೋಣಿಗಳಲ್ಲಿ ದುಡಿದ ಒಬ್ಬ ಓದುಗ